ಹರೆಯದ ಕೀಲುನೋವಿಗೆ ಸ್ಟೀರಾಯ್ಡ್: ಶುರು ಮಾಡುವ ಮೊದಲೇ ನಿಲ್ಲಿಸುವ ದಿನ ಕೇಳಿ

ಅಡಿಕೆ ಸುಲಿಯುವ ಕಾಲದಲ್ಲಿ ಮಲೆನಾಡಿನ ಮನೆಗಳಲ್ಲಿ ಕೈನೋವು, ಸೊಂಟನೋವು ಅಂದರೆ ಯಾರೂ ತಿರುಗಿ ನೋಡುವುದಿಲ್ಲ. ರಾತ್ರಿ ತಡವಾಗುವ ತನಕ ಮೆಟ್ಟುಗತ್ತಿಯ ಮುಂದೆ ಕೂತವಳಿಗೆ ಬೆಳಿಗ್ಗೆ ಬೆರಳು ಮಡಚಲು ಬಾರದಿದ್ದರೆ ಅದು ಕೆಲಸದ ನೋವೇ ಅಂತ ಎಲ್ಲರೂ ತಿಳಿಯುತ್ತಾರೆ. ವಯಸ್ಸು 22, 23 ಆಗಿದ್ದರಂತೂ ಮಾತೇ ಮುಗಿಯಿತು. 'ಈ ವಯಸ್ಸಿಗೆ ಎಂಥ ವಾತ ಮಾರಾಯ್ತಿ ನಿಂಗೆ?' ಅಂತ ಕೇಳುತ್ತಾರೆ. ಹಾಗೇ ಐದಾರು ತಿಂಗಳು ಕಳೆದುಹೋಗುತ್ತದೆ. ಆಮೇಲೆ ಎಲ್ಲಿಂದಲೋ ಒಂದು ಚಿಕ್ಕ ಬಿಳಿ ಮಾತ್ರೆ ಬರುತ್ತದೆ. ಎರಡೇ ದಿನದಲ್ಲಿ ಕೈ ಸಲೀಸಾಗಿ ಆಡುತ್ತದೆ, ಹಸಿವಾಗುತ್ತದೆ, ಮನಸ್ಸು ಕೂಡ ಹಗುರಾಗುತ್ತದೆ.

ಇಷ್ಟು ಬೇಗ, ಇಷ್ಟು ಚೆನ್ನಾಗಿ ಕೆಲಸ ಮಾಡುವ ಮಾತ್ರೆ ಹೆಚ್ಚಿನ ಸಲ ಸ್ಟೀರಾಯ್ಡ್, ಅಂದರೆ ಉರಿಯೂತವನ್ನು (ಕೀಲು ಕೆರಳಿ ಊದಿಕೊಳ್ಳುವುದನ್ನು) ಬೇಗ ತಗ್ಗಿಸುವ ಔಷಧಿ. ಇಲ್ಲಿಂದ ಜನ ಎರಡು ದಾರಿ ಹಿಡಿಯುತ್ತಾರೆ. ಕೆಲವರು ಅದನ್ನು ಬಿಡುವುದೇ ಇಲ್ಲ. ಇನ್ನು ಕೆಲವರು ಸ್ಟೀರಾಯ್ಡ್ ಅಂತ ಗೊತ್ತಾದ ಕೂಡಲೇ ಹೆದರಿ ಬಿಸಾಕುತ್ತಾರೆ, ಮುಂದೆ ತಜ್ಞರೇ ಬರೆದುಕೊಟ್ಟರೂ ಮುಟ್ಟುವುದಿಲ್ಲ. ನನ್ನ ಪ್ರಕಾರ ಎರಡೂ ಅಪಾಯವೇ. ಹರೆಯದಲ್ಲಿ ಸ್ಟೀರಾಯ್ಡ್ ತೆಗೆದುಕೊಳ್ಳಬಹುದು. ಕೆಲವು ಕಾಯಿಲೆಗಳಲ್ಲಿ ತೆಗೆದುಕೊಳ್ಳಲೇಬೇಕು. ಆದರೆ ಯಾವ ಕಾಯಿಲೆಗೆ ಕೊಡುತ್ತಿದ್ದಾರೆ, ಜೊತೆಗೆ ಯಾವ ಔಷಧಿ ಇದೆ, ಯಾವಾಗ ನಿಲ್ಲಿಸುತ್ತಾರೆ ಅನ್ನುವುದು ಗೊತ್ತಿಲ್ಲದೆ ಮೊದಲ ಮಾತ್ರೆ ನುಂಗಬಾರದು.

ಮೊದಲು ನೋವಿನ ಜಾತಿ ಗೊತ್ತಾಗಬೇಕು. ದುಡಿದು ಬಂದ ನೋವು ಮಲಗಿ ಎದ್ದರೆ ಕಡಿಮೆಯಾಗುತ್ತದೆ. ಉರಿಯೂತದ ನೋವು ಇದಕ್ಕೆ ಉಲ್ಟಾ. ಮಲಗಿ ಎದ್ದಾಗಲೇ ಜಾಸ್ತಿ. ಬೆಳಿಗ್ಗೆ ನಲ್ಲಿ ತಿರುಗಿಸಲು, ಕಾಫಿ ಲೋಟ ಹಿಡಿಯಲು, ರವಿಕೆಯ ಹುಕ್ ಹಾಕಲು ಆಗುವುದಿಲ್ಲ. ಅರ್ಧ ಗಂಟೆ, ಒಂದು ಗಂಟೆ, ಕೆಲವರಿಗೆ ಅದಕ್ಕೂ ಜಾಸ್ತಿ ಹೊತ್ತು ಕೀಲು ಹಿಡಿದುಕೊಂಡಿರುತ್ತದೆ. ಕೆಲಸ ಮಾಡುತ್ತಾ ಹೋದ ಹಾಗೆ ಸಡಿಲವಾಗುತ್ತದೆ. ಬೆರಳಿನ ಬುಡ, ಮಣಿಕಟ್ಟು ಮೆತ್ತಗೆ ಊದಿಕೊಂಡಿದ್ದರೆ ಸಂಧಿವಾತದ (ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಆರ್‌ಎ) ಅನುಮಾನ ಬರಬೇಕು. ಹುಡುಗರಲ್ಲಿ ಇನ್ನೊಂದು ಬಗೆ ಜಾಸ್ತಿ ಕಾಣುತ್ತದೆ. ರಾತ್ರಿ ಎರಡು ಮೂರು ಗಂಟೆಗೆ ಸೊಂಟನೋವಿಗೆ ಎಚ್ಚರವಾಗಿ ಎದ್ದು ಓಡಾಡಬೇಕು ಅನ್ನಿಸುವುದು, ನೋವು ಒಮ್ಮೆ ಎಡ ಪೃಷ್ಠಕ್ಕೆ ಒಮ್ಮೆ ಬಲಕ್ಕೆ ಹೋಗುವುದು. ಇದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಅಂದರೆ ಬೆನ್ನುಮೂಳೆಯ ಕೀಲುಗಳ ಉರಿಯೂತ ಇರಬಹುದು. ಸಾಮಾನ್ಯವಾಗಿ 45 ವರ್ಷದೊಳಗೇ ಶುರುವಾಗುವ ಕಾಯಿಲೆ ಅದು. ಡಿಸ್ಕ್ ಜಾರಿದೆ ಅಂತ ತಿಳಿದು ವರ್ಷಗಟ್ಟಲೆ ಬೆಲ್ಟ್ ಕಟ್ಟಿಕೊಂಡು ಓಡಾಡುವವರು ಇದರಲ್ಲಿ ಬಹಳ.

ಶಿವಮೊಗ್ಗ ಜಿಲ್ಲೆಯವರು ಇದರ ಜೊತೆಗೆ ಇನ್ನೊಂದು ವಿಷಯ ನೆನಪಿಡಬೇಕು. ಸಾಗರ ತಾಲೂಕಿನ ಹಂದಿಗೋಡಿನ ಹೆಸರಲ್ಲೇ ಒಂದು ಕೀಲು ಕಾಯಿಲೆ ಇದೆ. 1970ರ ದಶಕದಲ್ಲಿ ಬೆಳಕಿಗೆ ಬಂದ ಹಂದಿಗೋಡು ಕಾಯಿಲೆ ಸೊಂಟದ ಕೀಲು ಮತ್ತು ಮಂಡಿಯನ್ನು ಹಾಳು ಮಾಡುತ್ತದೆ, ನಡಿಗೆಯನ್ನೇ ಕಸಿಯುತ್ತದೆ. ಆದರೆ ಅದು ವಂಶದಲ್ಲಿ ಬರುವ ಮೂಳೆ ಬೆಳವಣಿಗೆಯ ದೋಷ. ಅದರ ಬುಡದಲ್ಲಿರುವುದು ಉರಿಯೂತವಲ್ಲ, ಹಾಗಾಗಿ ಸ್ಟೀರಾಯ್ಡ್ ಅದನ್ನು ವಾಸಿ ಮಾಡುವುದಿಲ್ಲ. ಚಿಕುನ್‌ಗುನ್ಯಾ ಬಂದು ಹೋದ ಮೇಲೆ ತಿಂಗಳುಗಟ್ಟಲೆ ಕಾಡುವ ಸಂದುನೋವಿನ ಲೆಕ್ಕವೇ ಬೇರೆ. ಅಂದರೆ ಒಂದೇ ಊರಿನ ಮೂವರು 'ಕೀಲುನೋವು' ಅಂದರೆ ಮೂವರಿಗೂ ಬೇರೆ ಬೇರೆ ಚಿಕಿತ್ಸೆ. ಪಕ್ಕದ ಮನೆಯ ಅತ್ತಿಗೆಗೆ ಗುಣ ಕೊಟ್ಟ ಮಾತ್ರೆ ನಮಗೆ ಬೇಡ ಅನ್ನುವುದು ಇದಕ್ಕೇ.

ರಕ್ತ ಪರೀಕ್ಷೆ ವಿಷಯದಲ್ಲಿ ಒಂದು ಮಾತು. ಉರಿಯೂತ ಎಷ್ಟಿದೆ ಅಂತ ತೋರಿಸುವ ಇಎಸ್‌ಆರ್, ಸಿಆರ್‌ಪಿ, ಸಂಧಿವಾತಕ್ಕೆ ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ, ಬೆನ್ನಿನ ಕಾಯಿಲೆಗೆ ಎಚ್‌ಎಲ್‌ಎ ಬಿ27, ಇವೆಲ್ಲ ಸಹಾಯ ಮಾಡುತ್ತವೆ. ಆದರೆ ಆರ್‌ಎ ಫ್ಯಾಕ್ಟರ್ ನೆಗೆಟಿವ್ ಇದ್ದೂ ಸಂಧಿವಾತ ಇರುವವರಿದ್ದಾರೆ, ಪಾಸಿಟಿವ್ ಬಂದೂ ಇಲ್ಲದವರಿದ್ದಾರೆ. ತಜ್ಞರ ಬೆರಳು ಊತವನ್ನು ಮುಟ್ಟಿ ನೋಡಬೇಕು. ಅದಕ್ಕಿಂತ ಮೊದಲೇ ಸ್ಟೀರಾಯ್ಡ್ ಶುರುವಾದರೆ ಊತ ಇಳಿದುಬಿಡುತ್ತದೆ, ಸಿಆರ್‌ಪಿ ನಾರ್ಮಲ್ ಆಗುತ್ತದೆ, ಕಾಯಿಲೆ ಯಾವುದು ಅಂತ ಗುರುತಿಸುವುದೇ ಕಷ್ಟವಾಗುತ್ತದೆ.

ಈ ಔಷಧಿಯ ಚರಿತ್ರೆಯಲ್ಲೇ ಒಂದು ಪಾಠ ಇದೆ. 1948ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಡಾ. ಫಿಲಿಪ್ ಹೆಂಚ್ ಅವರು ಸಂಧಿವಾತದ ಒಬ್ಬ ರೋಗಿಗೆ ಮೊದಲ ಬಾರಿ ಕಾರ್ಟಿಸೋನ್ ಕೊಟ್ಟರು. ಅವಳಿಗೆ ಆಗ 29 ವರ್ಷ. ಹಾಸಿಗೆಯಲ್ಲಿ ಹೊರಳಲೂ ಕಷ್ಟಪಡುತ್ತಿದ್ದವಳು ಕೆಲವೇ ದಿನಗಳಲ್ಲಿ ಎದ್ದು ನಡೆದಾಡಿದಳು. 1950ರಲ್ಲಿ ಹೆಂಚ್, ಕೆಂಡಲ್, ರೈಕ್‌ಸ್ಟೈನ್ ಮೂವರಿಗೂ ನೊಬೆಲ್ ಪ್ರಶಸ್ತಿ ಬಂತು. ಆದರೆ ಔಷಧಿ ನಿಲ್ಲಿಸಿದರೆ ನೋವು ವಾಪಸ್ ಬರುತ್ತಿತ್ತು, ನಿಲ್ಲಿಸದೆ ಮುಂದುವರಿಸಿದರೆ ದೇಹ ಕೆಡುತ್ತಿತ್ತು. ಮುಕ್ಕಾಲು ಶತಮಾನ ಕಳೆದರೂ ಆ ಇಕ್ಕಟ್ಟು ಹಾಗೇ ಇದೆ. ಆಗ ಇಲ್ಲದ ಒಂದು ಅನುಕೂಲ ಮಾತ್ರ ಈಗ ಇದೆ. ಕಾಯಿಲೆಯ ಬುಡಕ್ಕೇ ಕೈ ಹಾಕುವ ಬೇರೆ ಔಷಧಿಗಳಿವೆ.

ಸಂಧಿವಾತಕ್ಕೆ ಅಂಥ ಮೊದಲ ಔಷಧಿ ಮೆಥೋಟ್ರೆಕ್ಸೇಟ್. ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಮಾತ್ರೆ. ತಪ್ಪಿ ದಿನಾ ತೆಗೆದುಕೊಂಡರೆ ಜೀವಕ್ಕೇ ಅಪಾಯ, ಆದ್ದರಿಂದ ವಾರದ ಹೆಸರನ್ನು ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿಡಬೇಕು. ಜೊತೆಗೆ ಫೋಲಿಕ್ ಆ್ಯಸಿಡ್ ಕೊಡುತ್ತಾರೆ. ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಸಲಾಜಿನ್ ಕೂಡ ಇದೇ ಸಾಲಿನವು. ಇವು ಕೀಲು ಸವೆಯುವುದನ್ನು ತಡೆಯುತ್ತವೆ, ಆದರೆ ನಿಧಾನ. ಕೆಲಸ ಶುರು ಮಾಡಲು 6ರಿಂದ 12 ವಾರ ಬೇಕು. ಆ ತನಕ ಏನು ಮಾಡುವುದು? ಸ್ಟೀರಾಯ್ಡಿಗೆ ನಿಜವಾದ ಜಾಗ ಇರುವುದು ಇಲ್ಲಿ. ಮಳೆಗಾಲದಲ್ಲಿ ಹಳ್ಳ ತುಂಬಿದಾಗ ಅಡಿಕೆ ಮರ ಹಾಸಿ ಕಾಲುಸಂಕ ಕಟ್ಟುತ್ತಾರಲ್ಲ, ಇದೂ ಹಾಗೆ. ದಾಟುವುದಕ್ಕೆ ಬೇಕೇ ಬೇಕು, ಅದರ ಮೇಲೆ ಯಾರೂ ಬಿಡಾರ ಹೂಡುವುದಿಲ್ಲ.

ಈ ದಾಟುವ ಅವಧಿಯ ಬಗ್ಗೆ ತಜ್ಞರಲ್ಲೇ ಭಿನ್ನಾಭಿಪ್ರಾಯ ಇದೆ. ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ, ಸಾಧ್ಯವಾದರೆ ಸ್ಟೀರಾಯ್ಡ್ ಇಲ್ಲದೆಯೇ ಚಿಕಿತ್ಸೆ ಶುರು ಮಾಡಿ, 3 ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಕೊಡುವುದಂತೂ ಬೇಡ ಎಂದಿತು. ಯುರೋಪಿನ ತಜ್ಞರು 2022ರಲ್ಲಿ, ಸ್ವಲ್ಪ ಕಾಲ ಕೊಡಬಹುದು, ಆದರೆ ಆದಷ್ಟು ಬೇಗ ಇಳಿಸಿ ನಿಲ್ಲಿಸಬೇಕು ಎಂದರು. ನಮ್ಮ ಕಡೆಗೆ ಯುರೋಪಿನವರ ಮಾತೇ ಹೊಂದುತ್ತದೆ ಅಂತ ನನಗನ್ನಿಸುತ್ತದೆ. ದಿನಗೂಲಿಗೆ ಹೋಗುವ ಹುಡುಗನಿಗೆ 'ಎರಡು ಮೂರು ತಿಂಗಳು ನೋವು ತಡಕೋ' ಅಂದರೆ ಅವನ ಮನೆಯ ಒಲೆ ಉರಿಯುವುದಿಲ್ಲ. ಕೈಗೂಸು ಇರುವ ತಾಯಿಗೂ ಹಾಗೇ. ಆದರೆ ನಿಲ್ಲಿಸುವ ತಾರೀಕು ಚೀಟಿಯಲ್ಲಿ ಬರೆದಿರಬೇಕು. ಬರೆಯದೆ ಬಿಟ್ಟರೆ ಆರು ವಾರದ ಮಾತ್ರೆ ಆರು ವರ್ಷ ಎಳೆಯುತ್ತದೆ.

ಬೆನ್ನಿನ ಕಾಯಿಲೆಗೆ ಲೆಕ್ಕ ಬೇರೆ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ನಲ್ಲಿ ಸ್ಟೀರಾಯ್ಡ್ ಮಾತ್ರೆಯಿಂದ ಬೆನ್ನಿಗೆ ಹೇಳಿಕೊಳ್ಳುವ ಲಾಭ ಇಲ್ಲ. ಮಾತ್ರೆ ರೂಪದಲ್ಲಿ ಕೊಡಬೇಡಿ ಅಂತ 2019ರ ಅಮೆರಿಕದ ಮಾರ್ಗಸೂಚಿ ಖಡಾಖಂಡಿತವಾಗಿ ಹೇಳಿದೆ. ಮೆಥೋಟ್ರೆಕ್ಸೇಟ್ ಕೂಡ ಬೆನ್ನಿಗೆ ನಾಟುವುದಿಲ್ಲ. ಅಲ್ಲಿ ಮೊದಲು ನೋವು ಮತ್ತು ಉರಿಯೂತ ಎರಡನ್ನೂ ಇಳಿಸುವ ನ್ಯಾಪ್ರೊಕ್ಸೆನ್, ಎಟೊರಿಕಾಕ್ಸಿಬ್ ತರಹದ ಮಾತ್ರೆ, ಜೊತೆಗೆ ದಿನಾ ತಪ್ಪದ ವ್ಯಾಯಾಮ. ಅದಕ್ಕೂ ಬಗ್ಗದಿದ್ದರೆ ಬಯಾಲಜಿಕ್, ಅಂದರೆ ಉರಿಯೂತ ಹುಟ್ಟಿಸುವ ಒಂದು ಅಂಶವನ್ನೇ ಗುರಿಯಿಟ್ಟು ತಡೆಯುವ ಇಂಜೆಕ್ಷನ್. ಅಹಮದಾಬಾದಿನ ಕಂಪನಿಯೊಂದು 2014ರ ಕೊನೆಗೆ ಅಡಾಲಿಮುಮಾಬ್ ಅನ್ನುವ ಇಂಥ ಇಂಜೆಕ್ಷನ್ನಿನ ದೇಶಿ ರೂಪ ಮಾರುಕಟ್ಟೆಗೆ ತಂದ ಮೇಲೆ ಬೆಲೆ ಇಳಿದಿದೆ. ಆದರೂ ತೋಟ ಇಲ್ಲದ ಮನೆಗೆ ಇವತ್ತಿಗೂ ಅದು ಭಾರವೇ.

ಲೂಪಸ್ ಇದಕ್ಕೆ ಪೂರ್ತಿ ವಿರುದ್ಧ. ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೇ ತಿರುಗಿಬೀಳುವ, ಹೆಚ್ಚಾಗಿ ಹರೆಯದ ಹೆಣ್ಣುಮಕ್ಕಳಿಗೇ ಬರುವ ಕಾಯಿಲೆ. ಕೀಲುನೋವು, ಮುಖದ ಮೇಲೆ ಕೆಂಪು, ಕೂದಲು ಉದುರುವುದು, ಕೊನೆಗೆ ಕಿಡ್ನಿಗೂ ಹೋಗಬಹುದು. ಕಿಡ್ನಿಗೆ ಬಂದಾಗ ಸ್ಟೀರಾಯ್ಡ್ ಬೇಡ ಅಂತ ಕೂರುವುದು ಜೀವದ ಜೊತೆ ಆಟ. ಅಲ್ಲೂ ಕಾಯಿಲೆ ಹತೋಟಿಗೆ ಬಂದ ಮೇಲೆ ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡಿನ ಲೆಕ್ಕದಲ್ಲಿ ದಿನಕ್ಕೆ 5 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆಗೆ ಇಳಿಸಿ, ಸಾಧ್ಯವಾದರೆ ನಿಲ್ಲಿಸಿ ಅನ್ನುವುದು ಯುರೋಪಿನ 2023ರ ಸಲಹೆ.

ಈ ಮಿಲಿಗ್ರಾಂ ಲೆಕ್ಕದಲ್ಲಿ ಜನ ಮೋಸ ಹೋಗುತ್ತಾರೆ. ಪ್ರೆಡ್ನಿಸೊಲೋನ್ 5 ಮಿಲಿಗ್ರಾಂ ಅಂದರೆ ಮಿಥೈಲ್ ಪ್ರೆಡ್ನಿಸೊಲೋನ್ 4, ಡೆಫ್ಲಾಜಕಾರ್ಟ್ 6, ಡೆಕ್ಸಾಮೆಥಾಸೋನ್ ಸುಮಾರು 0.75. ಡೆಕ್ಸಾ 0.5 ಮಿಲಿಗ್ರಾಂ ಮಾತ್ರೆ ನೋಡಿ 'ಅರ್ಧ ಮಿಲಿಗ್ರಾಂ ತಾನೇ' ಅನ್ನುವ ಹಾಗಿಲ್ಲ. ಅದನ್ನು ದಿನಕ್ಕೆ ಮೂರು ನುಂಗಿದರೆ 10 ಮಿಲಿಗ್ರಾಂ ಪ್ರೆಡ್ನಿಸೊಲೋನ್ ನುಂಗಿದ ಹಾಗೆ. ಹೆಸರಿನ ಕೊನೆಗೆ 'ಸೋನ್', 'ಲೋನ್', 'ಕಾರ್ಟ್' ಇದ್ದರೆ ಇದು ಸ್ಟೀರಾಯ್ಡಾ ಅಂತ ಒಮ್ಮೆ ಕೇಳಿ ನೋಡಿ. ಕೀಲಿನೊಳಗೆ ಕೊಡುವ ಸೂಜಿ ಬಹುಮಟ್ಟಿಗೆ ಆ ಕೀಲಿಗೇ ಸೀಮಿತ. ಸೊಂಟಕ್ಕೆ ಹಾಕುವ ಡಿಪೋ ಸೂಜಿ ಹಾಗಲ್ಲ. ಅದು ವಾರಗಟ್ಟಲೆ ಇಡೀ ಮೈಯಲ್ಲಿ ಇರುತ್ತದೆ. 'ಮಾತ್ರೆ ತಗೊಳ್ಳಲ್ಲ, ತಿಂಗಳಿಗೊಂದು ಸೂಜಿ ಅಷ್ಟೇ' ಅನ್ನುವವರು ಇದನ್ನು ತಿಳಿಯಬೇಕು.

ಹರೆಯದಲ್ಲಿ ಯಾಕೆ ಇಷ್ಟು ಯೋಚನೆ? ಮೂಳೆ ತನ್ನ ಪೂರ್ತಿ ಗಟ್ಟಿತನಕ್ಕೆ ಬರುವುದು 20ರಿಂದ 30ರ ನಡುವೆ. ಮುಂದಿನ ಐವತ್ತು ವರ್ಷಕ್ಕೆ ಬೇಕಾದ ಬಲ ಕೂಡಿಡುವ ಹೊತ್ತು ಅದು. ಸ್ಟೀರಾಯ್ಡ್ ಅದಕ್ಕೇ ಕೈ ಹಾಕುತ್ತದೆ. ಮೂಳೆ ಅತಿ ವೇಗವಾಗಿ ಸವೆಯುವುದು ಮೊದಲ 3ರಿಂದ 6 ತಿಂಗಳಲ್ಲಿ. ಪ್ರೆಡ್ನಿಸೊಲೋನ್ ಲೆಕ್ಕದಲ್ಲಿ ದಿನಕ್ಕೆ 2.5 ಮಿಲಿಗ್ರಾಂ ಅಥವಾ ಹೆಚ್ಚು, 3 ತಿಂಗಳು ಮೀರಿ ತೆಗೆದುಕೊಳ್ಳುವವರು ಯಾವ ವಯಸ್ಸಿನವರಾದರೂ ಮೂಳೆಯ ತಪಾಸಣೆ ಆಗಬೇಕು ಅನ್ನುವುದು ಅಮೆರಿಕದ 2022ರ ಮಾರ್ಗಸೂಚಿ. ನಮ್ಮಲ್ಲಿ ಮಳೆಗಾಲದ ನಾಲ್ಕು ತಿಂಗಳು ಬಿಸಿಲೇ ಇಲ್ಲ, ವಿಟಮಿನ್ ಡಿ ಕಡಿಮೆ ಇರುವವರು ಬಹಳ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅದು ನಮ್ಮ ಪುಣ್ಯ. ಆದರೆ ಅನ್ನವೇ ಮುಖ್ಯವಾದ ಮಲೆನಾಡಿನ ಊಟದಲ್ಲಿ ರಾಗಿ ಎಷ್ಟು ಮನೆಗಳಲ್ಲಿ ದಿನಾ ಇದೆ?

ಮೂಳೆಗೆ ಇನ್ನೊಂದು ಪೆಟ್ಟು ಇದೆ. ಸೊಂಟದ ಕೀಲಿನಲ್ಲಿ ತೊಡೆಮೂಳೆಯ ದುಂಡಗಿನ ತುದಿಗೆ ರಕ್ತ ಹರಿಯುವುದು ನಿಂತು ಮೂಳೆ ಸಾಯುವುದು. ವೈದ್ಯರು ಎವಿಎನ್ ಅನ್ನುತ್ತಾರೆ. ಕೋವಿಡ್ ಕಾಲದಲ್ಲಿ ಹೆಚ್ಚು ಸ್ಟೀರಾಯ್ಡ್ ಪಡೆದ ಕೆಲವು ಯುವಕರಿಗೂ ಇದು ಬಂತು. ತೊಡೆಸಂದಿಯಲ್ಲಿ ನೋವು ಶುರುವಾಗುತ್ತದೆ. ಮೊದಮೊದಲು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಎಂಆರ್‌ಐ ಬೇಕು. ಮರ ಹತ್ತುವ, ದರೆ ಇಳಿಯುವ, ಕುಕ್ಕರುಗಾಲಲ್ಲಿ ಕೂರುವ ಬದುಕಿಗೆ ಸೊಂಟ ಹೋದರೆ ಉಳಿಯುವುದೇನು? ಸ್ಟೀರಾಯ್ಡ್ ತೆಗೆದುಕೊಂಡ ಯಾರಿಗೇ ಆಗಲಿ ತೊಡೆಸಂದಿ ನೋವು ಬಂದರೆ ಕೆಲಸದ ನೋವು ಅಂತ ಬಿಡಬಾರದು. ಸಕ್ಕರೆ ಕಾಯಿಲೆ, ಬಿಪಿ, ಕಣ್ಣಿನ ಪೊರೆ ಎಲ್ಲರಿಗೂ ಗೊತ್ತಿರುವ ವಿಷಯ. ಬೆಳೆಯುವ ಮಕ್ಕಳಲ್ಲಿ ಎತ್ತರವೂ ಕುಂಠಿತವಾಗುತ್ತದೆ, ಅವರ ವಿಷಯದಲ್ಲಿ ಮಕ್ಕಳ ತಜ್ಞರಿಲ್ಲದೆ ಒಂದು ಹೆಜ್ಜೆಯೂ ಇಡಬಾರದು.

ಇಪ್ಪತ್ತರ ಹುಡುಗಿಯನ್ನು ಎಲ್ಲಕ್ಕಿಂತ ಮೊದಲು ಕಾಡುವುದು ಮಾತ್ರ ಮೂಳೆಯಲ್ಲ, ಮುಖ. ಕೆನ್ನೆ ಊದುತ್ತದೆ, ಮೊಡವೆ ಏಳುತ್ತದೆ, ತೂಕ ಏರುತ್ತದೆ, ಹೊಟ್ಟೆಯ ಮೇಲೆ ಕೆಂಪು ಗೆರೆ ಬೀಳುತ್ತದೆ. ಮನೆಯಲ್ಲಿ ಜಾತಕ ಹೊರಗೆ ತೆಗೆಯುವ ವಯಸ್ಸು ಬೇರೆ. 'ಅಮ್ಮಾ, ಫೋಟೋ ನೋಡು, ಇದು ನನ್ನ ಮುಖವೇ ಅಲ್ಲ' ಅಂತ ಅಳುವ ಮಗಳಿಗೆ 'ಕಾಯಿಲೆ ಮುಖ್ಯನಾ, ಮುಖ ಮುಖ್ಯನಾ' ಅಂತ ಗದರಿದರೆ ಅವಳು ಸುಮ್ನೆ ಆಗುತ್ತಾಳೆ. ಮರುದಿನದಿಂದ ಮಾತ್ರೆಯನ್ನು ಯಾರಿಗೂ ಹೇಳದೆ ಕಸಕ್ಕೆ ಹಾಕುತ್ತಾಳೆ. ಇದು ಸಣ್ಣ ವಿಷಯ ಅಲ್ಲವೇ ಅಲ್ಲ. ಮುಖದ ಬಗ್ಗೆ ಅವಳ ಸಂಕಟ ನಿಜವಾದದ್ದು. ವೈದ್ಯರ ಮುಂದೆ ಅದನ್ನು ಹೇಳುವ ಧೈರ್ಯ ಅವಳಿಗೆ ಬರಬೇಕು, ವೈದ್ಯರೂ ಅದನ್ನು ಲೆಕ್ಕಕ್ಕೆ ಹಿಡಿಯಬೇಕು. ಡೋಸ್ ಇಳಿದ ಮೇಲೆ ಮುಖದ ಊತ ಕೆಲವು ತಿಂಗಳಲ್ಲಿ ಇಳಿಯುತ್ತದೆ ಅನ್ನುವುದನ್ನಾದರೂ ಅವಳಿಗೆ ಮೊದಲೇ ಹೇಳಬೇಕು.

ಯಾಕೆಂದರೆ ತಟ್ಟನೆ ನಿಲ್ಲಿಸುವುದೇ ಎಲ್ಲಕ್ಕಿಂತ ದೊಡ್ಡ ಅಪಾಯ. ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿ ದಿನಾ ತಾನೇ ಒಂದಿಷ್ಟು ಸ್ಟೀರಾಯ್ಡ್ ತಯಾರಿಸುತ್ತದೆ. ಹೊರಗಿನಿಂದ ಮೂರು ನಾಲ್ಕು ವಾರ ಮಾತ್ರೆ ಬಂದರೆ ಅದು ಕೆಲಸ ನಿಲ್ಲಿಸಿ ಮಲಗುತ್ತದೆ. ಆಗ ಮಾತ್ರೆ ತಪ್ಪಿದರೆ ವಿಪರೀತ ಸುಸ್ತು, ವಾಂತಿ, ಹೊಟ್ಟೆನೋವು, ಬಿಪಿ ಕುಸಿದು ಪ್ರಜ್ಞೆ ತಪ್ಪುವ ತನಕ ಹೋಗಬಹುದು. ಬೈಕಿನಿಂದ ಬಿದ್ದಾಗ, ಆಪರೇಷನ್ ಆಗುವಾಗ, ವಾಂತಿ ಭೇದಿ ಹಿಡಿದಾಗ 'ನಾನು ಸ್ಟೀರಾಯ್ಡ್ ತಗೊಳ್ತಾ ಇದ್ದೀನಿ' ಅಂತ ಹೇಳಲೇಬೇಕು. ಔಷಧಿಯ ಹೆಸರು, ಡೋಸ್ ಬರೆದ ಚೀಟಿ ಪರ್ಸಿನಲ್ಲಿ ಇರಲಿ. ಈ ಲೇಖನ ಓದಿ ಹೆದರಿ ಯಾರೂ ನಾಳೆಯಿಂದ ಮಾತ್ರೆ ನಿಲ್ಲಿಸಬೇಡಿ. ಇಳಿಸುವುದು ವೈದ್ಯರ ಲೆಕ್ಕದಲ್ಲೇ ಆಗಬೇಕು. ದಿನಕ್ಕೊಂದೇ ಡೋಸ್ ಬರೆದಿದ್ದರೆ ಬೆಳಿಗ್ಗೆ ತಿಂಡಿ ತಿಂದ ಮೇಲೆ ತೆಗೆದುಕೊಳ್ಳುವುದು ಒಳ್ಳೆಯದು. ದೇಹದ ಸ್ವಂತ ಸ್ಟೀರಾಯ್ಡ್ ಏರುವುದೂ ಬೆಳಿಗ್ಗೆಯೇ, ರಾತ್ರಿ ನಿದ್ದೆಯೂ ಅಷ್ಟು ಕೆಡುವುದಿಲ್ಲ.

ಹಾಗಂತ ಸ್ಟೀರಾಯ್ಡ್ ಬೇಡ ಅಂತ ವರ್ಷಗಟ್ಟಲೆ ದಿನಾ ಡೈಕ್ಲೋಫೆನಾಕ್ ನುಂಗುವುದು ಸುರಕ್ಷಿತವೇ? ಅದರಿಂದ ಹೊಟ್ಟೆ ಹುಣ್ಣಾಗುತ್ತದೆ, ಕಿಡ್ನಿಗೆ ಪೆಟ್ಟು ಬೀಳುತ್ತದೆ, ಸಂಧಿವಾತದಲ್ಲಿ ಕೀಲು ಸವೆಯುವುದೂ ನಿಲ್ಲುವುದಿಲ್ಲ. ಸಂಧಿವಾತ ಮೊದಲ ಎರಡು ವರ್ಷದಲ್ಲೇ ಕೀಲಿಗೆ ಬಹಳಷ್ಟು ಹಾನಿ ಮಾಡಿಬಿಡಬಹುದು. ಒಮ್ಮೆ ಸೊಟ್ಟಗಾದ ಬೆರಳನ್ನು ಯಾವ ಮಾತ್ರೆಯೂ ನೆಟ್ಟಗೆ ಮಾಡದು.

ಮಗು ಬೇಕು ಅನ್ನುವವರಿಗೆ ಲೆಕ್ಕ ಇನ್ನೂ ತಿರುಗುತ್ತದೆ. ಮೆಥೋಟ್ರೆಕ್ಸೇಟ್ ಗರ್ಭದಲ್ಲಿ ಬೇಡವೇ ಬೇಡ, ತಿಂಗಳುಗಳ ಮೊದಲೇ ನಿಲ್ಲಿಸಬೇಕು. ಆದರೆ ಕಡಿಮೆ ಡೋಸಿನ ಪ್ರೆಡ್ನಿಸೊಲೋನ್ ಗರ್ಭಿಣಿಯರಿಗೂ ಕೊಡುತ್ತಾರೆ, ಅದರ ಬಹುಪಾಲನ್ನು ಮಾಸು ತಡೆಯುತ್ತದೆ. ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಸಲಾಜಿನ್ ಕೂಡ ಮುಂದುವರಿಸಬಹುದು. ಎಲ್ಲರೂ ಹೆದರುವ ಸ್ಟೀರಾಯ್ಡೇ ಆ ಒಂಬತ್ತು ತಿಂಗಳಲ್ಲಿ ಆಸರೆಯಾಗಬಹುದು. ಹಾಗಾಗಿ ಮದುವೆ ನಿಶ್ಚಯವಾದಾಗಲೇ, ಮಗು ಬಯಸುವ ಮೊದಲೇ, ವೈದ್ಯರ ಹತ್ತಿರ ಈ ಮಾತು ತೆಗೆಯಬೇಕು.

ಮಲೆನಾಡಿನ ನಿಜವಾದ ತೊಂದರೆ ದೂರ. ಸಂಧಿವಾತ ತಜ್ಞರು ದೇಶದಲ್ಲೇ ಕಡಿಮೆ, ಇರುವವರೂ ದೊಡ್ಡ ಊರುಗಳಲ್ಲಿ. ತೀರ್ಥಹಳ್ಳಿಯವರು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ, ಹೊಸನಗರದವರು ಹುಲಿಕಲ್ ಘಾಟಿಯಲ್ಲಿ ಕರಾವಳಿಗೆ, ಇಲ್ಲಾ ಶಿವಮೊಗ್ಗಕ್ಕೆ, ಬೆಂಗಳೂರಿಗೆ. ಬೆಳಗಿನ ಮೊದಲ ಬಸ್ಸು, ಒಂದು ದಿನದ ಕೂಲಿ, ಜೊತೆಗೊಬ್ಬರು. ಮಳೆಗಾಲದಲ್ಲಿ ದರೆ ಕುಸಿದರೆ ಅದೂ ಇಲ್ಲ. ಎರಡನೇ ಭೇಟಿ ತಪ್ಪುವುದು ಇಲ್ಲೇ. ಮೆಥೋಟ್ರೆಕ್ಸೇಟ್ ಮುಗಿಯುತ್ತದೆ, ಸ್ಟೀರಾಯ್ಡ್ ಉಳಿಯುತ್ತದೆ. 'ಅಣ್ಣಾ, ಹೋದ್ಸಲದ್ದೇ ಒಂದು ಶೀಟ್ ಕೊಡಿ' ಅಂದರೆ ಅಂಗಡಿಯಲ್ಲಿ ಸಿಗುತ್ತದೆ. ಪ್ರೆಡ್ನಿಸೊಲೋನ್, ಡೆಕ್ಸಾ ಎರಡೂ ಶೆಡ್ಯೂಲ್ ಎಚ್ ಔಷಧಿಗಳು, ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಆದರೆ ಸಿಗುತ್ತದೆ. ಹೆಸರೇ ಇಲ್ಲದ ಪೊಟ್ಟಣದ ಪುಡಿಗಳಲ್ಲೂ ಸ್ಟೀರಾಯ್ಡ್ ಬೆರೆಸಿದ್ದು ದೇಶದ ಬೇರೆ ಬೇರೆ ಕಡೆ ಪತ್ತೆಯಾಗಿದೆ. ನಾಟಿ ವೈದ್ಯದ ಮೇಲೆ ನನಗೆ ಗೌರವ ಇದೆ. ಆದರೆ ಹಳೆಯ ನೋವು ಎರಡೇ ದಿನಕ್ಕೆ ಮಾಯವಾಗಿ, ಪುಡಿ ಬಿಟ್ಟ ವಾರಕ್ಕೆ ದುಪ್ಪಟ್ಟಾಗಿ ಬಂದರೆ ಅದರಲ್ಲಿ ಏನಿತ್ತು ಅಂತ ಕೇಳಲೇಬೇಕು.

ದೂರವನ್ನು ಪೂರ್ತಿ ಕಡಿಮೆ ಮಾಡಲಾಗದು, ಅರ್ಧ ಮಾಡಬಹುದು. ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುವವರಿಗೆ ಬೇಕಾದ ರಕ್ತದ ಕಣಗಳ ಎಣಿಕೆ, ಲಿವರ್, ಕಿಡ್ನಿ ಪರೀಕ್ಷೆಗಳನ್ನು ಹತ್ತಿರದ ಊರಲ್ಲೇ ಮಾಡಿಸಿ ರಿಪೋರ್ಟನ್ನು ಫೋನಿನಲ್ಲಿ ಕಳಿಸಬಹುದು. ಕಳಿಸಿದರೆ ನೋಡುತ್ತೀರಾ ಅಂತ ತಜ್ಞರನ್ನು ಮೊದಲ ದಿನವೇ ಕೇಳಿ. ಊರಿನ ಎಂಬಿಬಿಎಸ್ ವೈದ್ಯರಿಗೆ ಇಳಿಸುವ ಲೆಕ್ಕ ಬರೆದ ಪತ್ರ ಕೇಳಿ ತನ್ನಿ. ಸರ್ಕಾರ ಮನಸ್ಸು ಮಾಡಿದರೆ ಶಿವಮೊಗ್ಗದ ಮೆಗ್ಗಾನ್ ಸರ್ಕಾರಿ ಆಸ್ಪತ್ರೆಯಿಂದ ತಿಂಗಳಿಗೊಮ್ಮೆ ತಾಲೂಕು ಆಸ್ಪತ್ರೆಗಳಿಗೆ ಕೀಲು ಕಾಯಿಲೆಯ ಕ್ಲಿನಿಕ್ ನಡೆಸುವುದು ಆಗದ ಕೆಲಸವೇನಲ್ಲ.

ಇನ್ನು ಸೋಂಕು. ಸ್ಟೀರಾಯ್ಡ್ ಜ್ವರವನ್ನೂ ಮುಚ್ಚಿಡುತ್ತದೆ. ಶುರು ಮಾಡುವ ಮೊದಲು ಹಿಂದೆ ಟಿಬಿ ಬಂದಿತ್ತಾ, ಮನೆಯಲ್ಲಿ ಯಾರಿಗಾದರೂ ಇತ್ತಾ ಅಂತ ಹೇಳಬೇಕು. ಹಸಿ ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರ ಹೊಟ್ಟೆಯಲ್ಲಿ ಕಾಲಿನ ಚರ್ಮದಿಂದ ಒಳಸೇರುವ ಒಂದು ಜಾತಿಯ ಹುಳ ವರ್ಷಗಟ್ಟಲೆ ಸುಮ್ಮನಿರಬಹುದು. ಸ್ಟೀರಾಯ್ಡ್ ಸಿಕ್ಕರೆ ಅದು ಮೈಯೆಲ್ಲ ಹರಡುತ್ತದೆ. ಬರಿಗಾಲಿನ ಕೆಲಸ ಅಂತ ವೈದ್ಯರಿಗೆ ತಿಳಿಸಿದರೆ ಹುಳದ ಔಷಧಿ ಮೊದಲೇ ಕೊಡುವ ಬಗ್ಗೆ ಅವರು ಯೋಚಿಸುತ್ತಾರೆ. ಮಂಗನ ಕಾಯಿಲೆಯ ಕಾಲದಲ್ಲಿ, ಅಂದರೆ ಚಳಿಗಾಲದಿಂದ ಬೇಸಿಗೆಯ ತನಕ, ಸ್ಟೀರಾಯ್ಡ್ ತೆಗೆದುಕೊಳ್ಳುವವರು ಕಾಡಿಗೆ ಹೋಗಿ ಬಂದು ಮೈ ಬೆಚ್ಚಗಾದರೂ ಸಾಕು, ಅದೇ ದಿನ ತೋರಿಸಬೇಕು.

ಕೊನೆಗೆ ಬಿಡುವ ಮಾತು. ಕೊನೆಯ 5 ಮಿಲಿಗ್ರಾಂ ಇಳಿಸುವಾಗಲೇ ಕಷ್ಟ. ಮೈಕೈ ನೋವು, ಸುಸ್ತು ಬರುತ್ತದೆ, ಕಾಯಿಲೆ ಕೆರಳಿತು ಅಂತ ಹೆದರಿ ವಾಪಸ್ ಹತ್ತು ಮಿಲಿಗ್ರಾಂಗೆ ಹೋಗುವವರಿದ್ದಾರೆ. 2020ರಲ್ಲಿ ಪ್ರಕಟವಾದ ಸೆಮಿರಾ ಅನ್ನುವ ಅಧ್ಯಯನದಲ್ಲಿ, ಬಯಾಲಜಿಕ್ ಔಷಧಿಯಿಂದ ಕಾಯಿಲೆ ಹತೋಟಿಯಲ್ಲಿದ್ದ ಸಂಧಿವಾತ ರೋಗಿಗಳಲ್ಲಿ ಕೆಲವರಿಗೆ 5 ಮಿಲಿಗ್ರಾಂ ಮುಂದುವರಿಸಿದರು, ಉಳಿದವರಿಗೆ ವಾರಗಟ್ಟಲೆ ನಿಧಾನವಾಗಿ ಇಳಿಸಿ ನಿಲ್ಲಿಸಿದರು. ಮುಂದುವರಿಸಿದವರಲ್ಲಿ ಶೇ. 77 ಮಂದಿ ಚೆನ್ನಾಗಿದ್ದರು, ಇಳಿಸಿದವರಲ್ಲಿ ಶೇ. 65 ಮಂದಿ. ಅಂದರೆ ಇಳಿಸಿದ ಮೂವರಲ್ಲಿ ಸುಮಾರು ಇಬ್ಬರು ಸ್ಟೀರಾಯ್ಡ್ ಇಲ್ಲದೆ ಇರಬಲ್ಲರು. ಇಳಿಸುವಾಗ ಕೀಲು ನಿಜವಾಗಿಯೂ ಊದಿದರೆ, ಸಿಆರ್‌ಪಿ ಏರಿದರೆ, ಆಗ ಮೆಥೋಟ್ರೆಕ್ಸೇಟ್ ಡೋಸ್ ಹೆಚ್ಚಿಸಬಹುದಾ, ಇನ್ನೊಂದು ಔಷಧಿ ಸೇರಿಸಬಹುದಾ ಅಂತ ವೈದ್ಯರನ್ನು ಕೇಳಿ. ಊತ ಇಲ್ಲದೆ ಬರೀ ಮೈಕೈ ನೋವಾದರೆ ಇಳಿಸುವ ವೇಗ ಕಡಿಮೆ ಮಾಡಿಕೊಂಡು, ಅರ್ಧ ಅಥವಾ ಒಂದು ಮಿಲಿಗ್ರಾಂನಂತೆ ಇಳಿಸಬಹುದಾ ಅಂತ ಕೇಳಿ.